ಜಡೆಯೊಳಗಿನ ಮೈನಸ್

ದುರುಗಕ್ಕ ಕೋಲು ಕೆಳಗಿಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕೈಬಿಟ್ಟಳು ಅನ್ನಬೇಕು, ಯಾಕೆಂದರೆ ಕೋಲು ಉರುಳಿಕೊಂಡು ಹೋಗಿ ಹುಣಸೆ ಮರದ ಬೇರಿಗೆ ತಾಗಿ ನಿಂತರೂ ಅವಳು ಆ ಕಡೆ ನೋಡಲಿಲ್ಲ.

"ನನ್ನ ತಲೆ ಕೆಟ್ಟೈತೆ ಕೆಂಪಕ್ಕ. ಇನ್ನ ನನ್ನ ಕೈಲಿ ಆಗಾಕಿಲ್ಲ. ಗೋವಿನಕೋವಿ ಮದುವಿಗೆ ಬ್ಯಾರೆ ಯಾರನ್ನಾರ ಕರ್ಕಂಡು ಹೋಗ್ರಿ" ಎಂದಳು ಜೊತೆಗೆ ಕೋಲು ಹಾಕುವವಳಿಗೆ.

ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಜಡೆ ಕೋಲಾಟವೆಂದರೆ ದುರುಗಕ್ಕ. ಮರದ ಕೊಂಬೆಗೆ ಒಂದು ಕಬ್ಬಿಣದ ಬಳೆ, ಬಳೆಗೆ ಸಿಕ್ಕಿಸಿದ ಕೊಂಡಿ, ಕೊಂಡಿಯಿಂದ ಇಳಿದ ಮೂರು ಹಗ್ಗ: ಕೆಂಪು, ಹಳದಿ, ಬಿಳಿ. ಮೂವರು ಹೆಂಗಸರು ಎಡಗೈಯಲ್ಲಿ ಒಂದೊಂದು ಹಗ್ಗದ ತುದಿ, ಬಲಗೈಯಲ್ಲಿ ಒಂದೊಂದು ಕೋಲು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಪದ ಹೇಳುತ್ತ, ಕೋಲು ಹಾಕುತ್ತ, ಒಬ್ಬರನ್ನೊಬ್ಬರು ದಾಟುತ್ತಾರೆ. ಮೇಲೆ ಹಗ್ಗ ತಾನಾಗಿ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಹಾಕಿದ ಹೆಜ್ಜೆಯನ್ನೇ ಹಿಂದುಮುಂದಾಗಿ ಹಾಕುತ್ತ ಬಂದರೆ ಜಡೆ ಬಿಚ್ಚಿಕೊಂಡು ಮೂರೂ ಹಗ್ಗ ನೆಟ್ಟಗೆ ಇಳಿಬೀಳಬೇಕು. ಕಾಲು ಹೆಣೆದದ್ದನ್ನು ಕಾಲೇ ಬಿಚ್ಚಬೇಕು, ಕೈ ಹಾಕಬಾರದು. ಮದುವೆ ಮನೆಯಲ್ಲಿ ಹಗ್ಗ ಬಿಚ್ಚಿಕೊಳ್ಳದಿದ್ದರೆ ಎದುರಿಗೆ ಯಾರೂ ಏನೂ ಅನ್ನುವುದಿಲ್ಲ. ಬೆನ್ನ ಹಿಂದೆ ಬಾಯಿಗೊಂದು ಮಾತು.

ಹೋದ ವರ್ಷ ಗಂಡ ಪಾಲಣ್ಣ ತೀರಿಕೊಂಡ. ಅಲ್ಲಿಂದ ಈಚೆಗೆ ದುರುಗಕ್ಕ ಆಡಿದ ಆಟವೆಲ್ಲ ಹಿಂಗೇ ಆಯಿತು. ಜಡೆಯೇನೋ ಬಿಚ್ಚಿಕೊಳ್ಳುತ್ತದೆ, ಮೂವರೂ ಅವರವರ ಜಾಗಕ್ಕೆ ಬಂದು ನಿಲ್ಲುತ್ತಾರೆ, ಆದರೆ ಹಗ್ಗ ಮಾತ್ರ ಒಂದನ್ನೊಂದು ಸುತ್ತಿಕೊಂಡು ಉಳಿಯುತ್ತದೆ. ಎಲ್ಲೋ ಒಂದು ಹೆಜ್ಜೆ ಮರೆಯುತ್ತಿದ್ದಾಳೆ ಎಂದು ಊರೆಲ್ಲ ತೀರ್ಮಾನ ಮಾಡಿತು. ದುರುಗಕ್ಕನೂ ಮಾಡಿದಳು. ಅವಳ ಅಕ್ಕ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ "ಯಾರಪ್ಪಾ ನೀವು" ಎಂದು ಕೇಳಿದವಳು. ಆ ಮರೆವು ಈಗ ತನ್ನ ಬಾಗಿಲಿಗೂ ಬಂತು ಎಂಬ ಹೆದರಿಕೆ ದುರುಗಕ್ಕನಿಗೆ. ಸಾರಿಗೆ ಉಪ್ಪು ಮರೆತರೂ ಸಾಕು, ಅಡುಗೆಮನೆಯಲ್ಲಿ ಒಬ್ಬಳೇ ಸೌಟು ಹಿಡಿದು ಕೂತುಬಿಡುತ್ತಿದ್ದಳು.

ಮೊಮ್ಮಗಳು ಸುನಿತಾ ಅವತ್ತು ಅಂಗಳದ ಕಟ್ಟೆಯ ಮೇಲೆ ಕೂತು ಇಡೀ ಆಟವನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ದಾವಣಗೆರೆಯಲ್ಲಿ ಗಣಿತದ ಎಂ.ಎಸ್ಸಿ. ಓದುವ ಹುಡುಗಿ. ಅಜ್ಜಿಯ ಮುಖ ನೋಡಲಾರದೆ ತಟ್ಟನೆ ಅಂದುಬಿಟ್ಟಳು: "ಅಜ್ಜೀ, ತಪ್ಪು ಎಲ್ಲೈತೆ ಅಂತ ನಾನು ಹುಡುಕಿ ಕೊಡ್ತೀನಿ. ಮದುವಿ ತನಕ ಬಿಡ್ತೀನಿ ಅನ್ಬ್ಯಾಡ."

"ನೀನು ಹುಡುಕಿ ಏನ್ಮಾಡ್ತೀಯೇ? ಮರ್ತಿದ್ದು ಮರ್ತಂಗೆ" ಎಂದಳು ದುರುಗಕ್ಕ. ಆದರೆ ಬಿಡುತ್ತೇನೆ ಎಂದು ಮತ್ತೆ ಅನ್ನಲಿಲ್ಲ.

ಮಾತು ಆಡಿದ ಮೇಲೆ ಸುನಿತಾಳಿಗೆ ದಿಗಿಲಾಯಿತು. ಅವಳು ಜಾಣೆಯೇ, ಸುಳ್ಳೇನಿಲ್ಲ. ಆದರೆ ಒಂದು ರೋಗವಿತ್ತು: ಎಷ್ಟು ದೊಡ್ಡ ಲೆಕ್ಕವಾದರೂ ಸರಿಯಾಗಿ ಮಾಡಿ, ಕೊನೆಗೆ ಒಂದು ಮೈನಸ್ ಚಿಹ್ನೆ ಎಲ್ಲಿಂದಲೋ ತಂದು ಸೇರಿಸಿಬಿಡುತ್ತಿದ್ದಳು, ಇಲ್ಲವೇ ಇದ್ದದ್ದನ್ನು ಕಳೆದುಬಿಡುತ್ತಿದ್ದಳು. ಹೈಸ್ಕೂಲಿನಿಂದ ಮೇಷ್ಟ್ರುಗಳೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದು ಅದಕ್ಕೇ. ಅಂಥವಳು ಅಜ್ಜಿಯ ತಪ್ಪು ಹುಡುಕಲು ಹೊರಟಿದ್ದಳು.

ಹಾಗೆಂದು ದಾರಿಯೇ ಇರಲಿಲ್ಲವೆಂದಲ್ಲ. ಅವರಿಗೆ ಪಾಠ ಮಾಡುವ ಪ್ರೇಮಲತಾ ಮೇಡಂ ಆ ಸೆಮಿಸ್ಟರಿನ ಮೊದಲ ತರಗತಿಯಲ್ಲೇ ಹೇಳಿದ್ದರು: ಮಾಡಿದ್ದನ್ನು ಮತ್ತೆ ಬಿಚ್ಚಬಹುದಾದ ಕೆಲಸಗಳ ಕುಟುಂಬಕ್ಕೆ ಗ್ರೂಪ್ ಎನ್ನುತ್ತಾರೆ, ಒಂದಾದ ಮೇಲೊಂದು ಮಾಡಿದರೆ ಅದೂ ಆ ಕುಟುಂಬದ ಕೆಲಸವೇ. ಇಂಥ ಕೆಲಸ ಗಾಳಿಯಂತೆ, ಕೈಗೆ ಸಿಗುವುದಿಲ್ಲ. ಅದಕ್ಕೇ ಒಂದೊಂದು ಕೆಲಸಕ್ಕೂ ಅಂಕಿಗಳ ಒಂದೊಂದು ಚೌಕ, ಅಂದರೆ ಮ್ಯಾಟ್ರಿಕ್ಸ್, ಕೊಡುವುದು. ಕರಾರು ಒಂದೇ. ಎರಡು ಕೆಲಸ ಒಂದರ ಹಿಂದೊಂದು ಮಾಡುವುದೂ ಅವುಗಳ ಚೌಕಗಳನ್ನು ಗುಣಿಸುವುದೂ ತಾಳೆಯಾಗಬೇಕು. ಹಾಗೆ ತಾಳೆಯಾದರೆ ಅದು ಆ ಗ್ರೂಪಿನ ರೆಪ್ರೆಸೆಂಟೇಶನ್. ಸುನಿತಾ ಇದನ್ನು ಪರೀಕ್ಷೆಗೆಂದು ಓದಿದ್ದಳು. ಕೋಲಾಟವೂ ಮಾಡಿ ಬಿಚ್ಚುವ ಕೆಲಸವೇ ಎಂಬುದು ಕಟ್ಟೆಯ ಮೇಲೆ ಕೂತಾಗ ಹೊಳೆಯಿತು.

ಮೊದಲು ಮಾಡಿದ್ದು ಸುಲಭದ ಚೌಕ. ಯಾರು ಯಾರ ಜಾಗಕ್ಕೆ ಹೋದರು ಎಂದು ಮಾತ್ರ ಹೇಳುವ, ಬರೀ ಒಂದು ಮತ್ತು ಸೊನ್ನೆಗಳ ಚೌಕ. ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಪ್ರತಿ ದಾಟಿಗೂ ಒಂದು ಚೌಕ ಬರೆದು, ಎಲ್ಲವನ್ನೂ ಗುಣಿಸಿದಳು. ಕೊನೆಗೆ ಬಂದದ್ದು ಏನೂ ಮಾಡದೆ ಸುಮ್ಮನೆ ನಿಂತವರ ಚೌಕ. ಎಲ್ಲರೂ ಅವರವರ ಜಾಗದಲ್ಲಿದ್ದಾರೆ, ತಪ್ಪೇ ಇಲ್ಲ ಎಂದಿತು ಲೆಕ್ಕ. ಅತ್ತ ಮರದಲ್ಲಿ ಹಗ್ಗ ಸುತ್ತಿಕೊಂಡು ನೇತಾಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ನೆಲ ಡೊಂಕಿದ್ದರೂ ಲೆಕ್ಕ ನೆಟ್ಟಗಿದೆ ಅನ್ನುತ್ತಿತ್ತು.

ಭಾನುವಾರ ಸುನಿತಾ ಬಸ್ಸು ಹತ್ತಿ ತ್ಯಾವಣಿಗೆ ದಾಟಿ ಚನ್ನಗಿರಿಗೆ ಹೋದಳು. ಮೇಡಂ ಮನೆ ಅಲ್ಲೇ. ಅವರು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ವಿಡಿಯೊ ನೋಡಿದರು. ನೋಡುತ್ತ ನೋಡುತ್ತ ಸುಲಿಯುವ ಕೈ ನಿಂತಿತು.

"ನಿನ್ನ ಚೌಕ ಸುಳ್ಳು ಹೇಳಿಲ್ಲ ಸುನಿತಾ. ಅದಕ್ಕೆ ದೃಷ್ಟಿ ಮಂದ ಐತೆ ಅಷ್ಟೆ. ಯಾರು ಎಲ್ಲಿ ನಿಂತ್ರು ಅನ್ನೋದು ಅದಕ್ಕೆ ಕಾಣ್ತೈತೆ, ಯಾರ ಹಗ್ಗ ಯಾರ ಮುಂದೆ ಹೋತು ಅನ್ನೋದು ಕಾಣಾಕಿಲ್ಲ. ಜಾಗ ಸರಿ ಇದ್ದು ಹಗ್ಗ ಸಿಕ್ಕಾಗಿದ್ರೂ ಅದಕ್ಕೆ ಎರಡೂ ಒಂದೇ. ಇನ್ನೊಂದು ಜೊತೆ ಚೌಕ ಕೊಡ್ತೀನಿ, ಬರ್ಕೋ."

ಬರೆದುಕೊಟ್ಟದ್ದು ಇಷ್ಟೇ. ಎಡಗಡೆಯವಳು ನಡುವಿನವಳ ಮುಂದೆ ದಾಟಿದರೆ ಮೇಲಿನ ಸಾಲಿನಲ್ಲಿ 1, 1. ಕೆಳಗಿನ ಸಾಲಿನಲ್ಲಿ 0, 1. ಬಲಗಡೆಯವಳು ನಡುವಿನವಳ ಮುಂದೆ ದಾಟಿದರೆ ಮೇಲೆ 1, 0. ಕೆಳಗೆ 1, 1. ಮುಂದೆ ದಾಟುವ ಬದಲು ಹಿಂದೆ ದಾಟಿದರೆ ಸೊನ್ನೆಯ ಎದುರು ಮೂಲೆಯಲ್ಲಿರುವ ಒಂದಕ್ಕೆ ಮೈನಸ್. ಅಷ್ಟರಲ್ಲಿ ಮೂರು ಹಗ್ಗದ ಜಡೆಯೆಲ್ಲ ಬಂತೇ ಎಂದು ಸುನಿತಾ ಬೆರಗಾಗಿ ಕೇಳಿದಳು.

"ಹೆಚ್ಚೂ ಕಮ್ಮಿ ಬಂತು. ಒಂದು ಮಾತ್ರ ಇದಕ್ಕೂ ಕಾಣಾಕಿಲ್ಲ, ಅದನ್ನ ನೀನೇ ಕಂಡುಕೋ" ಎಂದು ನಕ್ಕು ಮೇಡಂ ಒಂದು ಚೀಲ ಅವರೆಕಾಯಿ ಕಟ್ಟಿಕೊಟ್ಟರು. "ನಿಮ್ಮಜ್ಜಿಗೆ ನನ್ನ ನಮಸ್ಕಾರ ಹೇಳು. ನಾವು ಕರಿಹಲಗೆ ಮೇಲೆ ಮಾಡೋದನ್ನ ಅವರು ಕಾಲಲ್ಲಿ ಮಾಡ್ತಾರೆ."

ವಾಪಸು ಬಸ್ಸಿನಲ್ಲೇ ಅವಳು ಗುಣಿಸತೊಡಗಿದಳು. ಎಡದ ದಾಟು ಒಂದು, ಬಲದ ದಾಟು ಒಂದು, ಜಡೆಯ ಒಂದು ಹೆಣಿಗೆ: 2, 1, 1, 1 ಬಂತು. ಇನ್ನೊಂದು ಹೆಣಿಗೆ: 5, 3, 3, 2. ಮತ್ತೊಂದು: 13, 8, 8, 5. ಸುನಿತಾ ಪೆನ್ನು ಎತ್ತಿದಳು. ಒಂದು, ಒಂದು, ಎರಡು, ಮೂರು, ಐದು, ಎಂಟು, ಹದಿಮೂರು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಸೂರ್ಯಕಾಂತಿ ಹೂವಿನ ಬೀಜದ ಸಾಲಿನಲ್ಲಿ ಇವೇ ಸಂಖ್ಯೆಗಳಿರುತ್ತವೆ ಎಂದು ಶಾಲೆಯಲ್ಲಿ ಓದಿದ್ದಳು. ಅವು ತನ್ನಜ್ಜಿಯ ಹಗ್ಗದಲ್ಲಿ ಏನು ಮಾಡುತ್ತಿವೆ? ಹೆಣೆದಷ್ಟೂ ಬೆಳೆಯುತ್ತವೆ, ಬಿಚ್ಚಿದಷ್ಟೂ ಇಳಿಯುತ್ತವೆ. ಚಿಕ್ಕವಳಿದ್ದಾಗ ಅಜ್ಜಿ ತನ್ನ ತಲೆ ಬಾಚಿ ಜಡೆ ಹಾಕುವಾಗಲೂ ಬೆನ್ನ ಹಿಂದೆ ಐದು, ಎಂಟು, ಹದಿಮೂರು ನಡೆಯುತ್ತಿತ್ತೇ! ಅವಳ ಮೈ ಜುಮ್ಮೆಂದಿತು. ಪಕ್ಕದ ಸೀಟಿನ ಹೆಂಗಸು "ಏನವ್ವಾ, ಹುಷಾರಿಲ್ವಾ?" ಎಂದು ಕೇಳಿದಳು.

ಮನೆಗೆ ಬಂದವಳೇ ವಿಡಿಯೊದ ಮೊದಲಿನಿಂದ ಕೊನೆಯ ತನಕ ಪ್ರತಿ ದಾಟನ್ನೂ ಕುರುಡಾಗಿ ಬರೆದುಕೊಂಡು, ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಎಲ್ಲವನ್ನೂ ಗುಣಿಸಿದಳು. ಜಡೆ ಪೂರ್ತಿ ಬಿಚ್ಚಿದ್ದರೆ 1, 0, 0, 1 ಬರಬೇಕು. ಒಂದು ಹೆಜ್ಜೆ ತಪ್ಪಿದ್ದರೆ ಏನೋ ಅಡ್ಡಾದಿಡ್ಡಿ ಅಂಕಿ ಬರಬೇಕು. ಬಂದದ್ದು ಎರಡೂ ಅಲ್ಲ: −1, 0, 0, −1.

"ಥೂ, ಮತ್ತೆ ಮೈನಸ್ಸು!" ಎಂದು ಸುನಿತಾ ಕಲ್ಲನ್ನು ಒರೆಸಿದಳು. ಮತ್ತೆ ಮಾಡಿದಳು, ಮತ್ತೆ ಅದೇ. ಹಳೇ ರೋಗ ಹೋಗಿಲ್ಲ ಎಂದು ತಲೆ ಚಚ್ಚಿಕೊಂಡು, ಈ ಸಲ ಇಡಿಯಾಗಿ ಮಾಡದೆ ತುಂಡು ತುಂಡಾಗಿ ಮಾಡಿದಳು. ಹೆಣೆಯುವ ಭಾಗ ಸರಿಯಾಗಿತ್ತು. ಬಿಚ್ಚುವ ಭಾಗ ಅದಕ್ಕೆ ಸರಿಯಾಗಿ ಎದುರಾಗಿತ್ತು, ಎರಡನ್ನೂ ಗುಣಿಸಿದರೆ ಚೊಕ್ಕವಾಗಿ 1, 0, 0, 1. ಒಂದೇ ಒಂದು ಹೆಜ್ಜೆ ತಪ್ಪಿರಲಿಲ್ಲ.

ಹಾಗಾದರೆ ಮೈನಸ್ ಎಲ್ಲಿಂದ ಬಂತು? ಉಳಿದದ್ದು ಆಟದ ಶುರುವಿನ ತುಂಡು, ಜಡೆಯ ಮೊದಲ ಹೆಣಿಗೆಗಿಂತ ಮುಂಚಿನದು. ವಿಡಿಯೊ ಹಾಕಿದಳು. ಹಗ್ಗದ ಕೆಳಗೆ ನೆಲದ ಮೇಲೆ ಪೂಜೆ ಮಾಡಿದ ಕಲಶ. ಮೂವರೂ ಹಗ್ಗ ಹಿಡಿದು ಕಲಶಕ್ಕೆ ಬಲಕ್ಕೊಂದು ಸುತ್ತು ಬರುತ್ತಾರೆ. ಆಮೇಲೆ ಕಲಶ ಎತ್ತಿಟ್ಟು ಆಟ ಶುರು. ಆ ಸುತ್ತಿನ ದಾಟುಗಳನ್ನು ಮಾತ್ರ ಗುಣಿಸಿದಳು. ಅಂಕಿಗಳು ಏರಿ, ಇಳಿದು, ತಿರುಗಿ, ಕೊನೆಗೆ ಬಂದು ನಿಂತವು: −1, 0, 0, −1.

 ಇದು ಅವಳ ತಪ್ಪಲ್ಲ, ಈ ಮೈನಸ್ಸು ನಿಜದ್ದು. ಅದು ಪ್ರದಕ್ಷಿಣೆ! ಅದರ ಚೌಕದಿಂದ ಯಾವ ಚೌಕವನ್ನು ಗುಣಿಸಿದರೂ ಅಂಕಿ ಒಂದೂ ಕದಲುವುದಿಲ್ಲ, ಚಿಹ್ನೆ ಮಾತ್ರ ಬದಲಾಗುತ್ತದೆ. ಮುಂದಿನಿಂದ ಗುಣಿಸಿದರೇನು, ಹಿಂದಿನಿಂದ ಗುಣಿಸಿದರೇನು, ಉತ್ತರ ಒಂದೇ. ತರಗತಿಯಲ್ಲಿ ಮೇಡಂ ಒಂದು ಪ್ರಮೇಯ ಹೇಳಿದ್ದರು: ಗ್ರೂಪಿನ ಎಲ್ಲರ ಜೊತೆಗೂ ಹೊಂದಿಕೊಂಡು ಹೋಗುವ ಕೆಲಸ, ಇನ್ನು ಒಡೆಯಲಾರದಷ್ಟು ಸಣ್ಣ ಚೌಕದೊಳಗೆ ಬಂದರೆ, ಬರೀ ಒಂದು ಸಂಖ್ಯೆಯಾಗಿ ನಿಂತುಬಿಡುತ್ತದೆ. ಅವತ್ತು ಸುನಿತಾ ಆಕಳಿಸಿದ್ದಳು. ಈಗ ಆ ಮಾತು ಅಂಗಳದ ಹುಣಸೆ ಮರದಿಂದ ನೇತಾಡುತ್ತಿತ್ತು. ಮೊದಲಲ್ಲಿ ಬಂದ ಒಂದು ಸುತ್ತು, ಅದರ ಮೇಲೆ ಎಷ್ಟು ಹೆಣೆದರೂ ಎಷ್ಟು ಬಿಚ್ಚಿದರೂ ಯಾರಿಗೂ ಅಡ್ಡ ಬಾರದೆ, ಯಾರ ಕಣ್ಣಿಗೂ ಬೀಳದೆ, ಕೊನೆಯ ತನಕ ಹಾಗೇ ಉಳಿದಿತ್ತು. ಈ ಲೋಕವನ್ನು ಹೀಗೆ ಹೆಣೆದವರು ಯಾರು ಎಂದು ಕೇಳಬೇಕೆನಿಸಿತು ಅವಳಿಗೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಕೆಲವು ಹುಣ್ಣಿಗೆ ಬೇಕು ನೋಡಿ.

"ಅಜ್ಜೀ!" ಎಂದು ಕೂಗಿದಳು. ದುರುಗಕ್ಕ ಸೆರಗಿಗೆ ಕೈ ಒರೆಸುತ್ತ ಬಂದಳು.

"ಕಲಶಕ್ಕೆ ಸುತ್ತು ಬರೋವಾಗ ಮೊದ್ಲಿಂದ್ಲೂ ಹಗ್ಗ ಹಿಡ್ಕಂಡೇ ಬರ್ತಿದ್ರಾ?"

"ಸುತ್ತು ಬರೋದು ನಮ್ಮವ್ವನ ಕಾಲದಿಂದ್ಲೂ ಐತೆ."

"ಸುತ್ತಲ್ಲಜ್ಜಿ, ಹಗ್ಗ. ಆವಾಗ ಹಗ್ಗ ಎಲ್ಲಿರ್ತಿತ್ತು?"

ದುರುಗಕ್ಕ ನಿಧಾನಕ್ಕೆ ಕತ್ತೆತ್ತಿ ಕೊಂಬೆಯ ಕಡೆ ನೋಡಿದಳು. ಪಾಲಣ್ಣನ ಕೆಲಸ ಅದು. ಕೋಲಾಟ ಅಂದರೆ ಅವನು ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಮರ ಹತ್ತಿ ಕೊಂಬೆಯ ಮೇಲೆ ಕೂರುತ್ತಿದ್ದ. ಯಾರೊಂದಿಗೂ ಜಗಳವಾಡಿದವನಲ್ಲ, ಮಾತೂ ಕಡಿಮೆ, ಅವನು ಮೇಲಿದ್ದಾನೆ ಎಂಬುದೇ ಜನರಿಗೆ ಮರೆತುಹೋಗುತ್ತಿತ್ತು. ಹೆಂಗಸರು ಬರಿಗೈಯಲ್ಲಿ ಸುತ್ತು ಬಂದು ಕಲಶ ಎತ್ತಿಟ್ಟ ಮೇಲೆ ಅವನು ಸುರುಳಿ ಬಿಚ್ಚಿ ಹಗ್ಗ ಇಳಿಬಿಡುತ್ತಿದ್ದ. ಅವನು ಹೋದ ಮೇಲೆ ಮೇಲೆ ಕಾದು ಕೂರುವವರಿಲ್ಲದೆ ಕೆಂಪಕ್ಕ ಮೊದಲೇ ಹಗ್ಗ ಇಳಿಬಿಟ್ಟಿಡುತ್ತಿದ್ದಳು. ಇಳಿದ ಹಗ್ಗವನ್ನು ಹಿಡಿದುಕೊಂಡೇ ಎಲ್ಲರೂ ಸುತ್ತು ಬರುತ್ತಿದ್ದರು.

"ನಿಮ್ಮಜ್ಜನ ಹತ್ರ ಇರ್ತಿತ್ತು" ಎಂದಳು ದುರುಗಕ್ಕ.

"ಹಂಗಾದ್ರೆ ನೀನು ಏನೂ ಮರ್ತಿಲ್ಲಜ್ಜಿ. ಒಂದು ಹೆಜ್ಜೇನೂ ತಪ್ಪಿಲ್ಲ. ಲೆಕ್ಕ ಹೇಳ್ತೈತೆ."

ದುರುಗಕ್ಕ ಕಲ್ಲಿನ ಮೇಲಿನ ಅಂಕಿಗಳನ್ನು ಬಗ್ಗಿ ನೋಡಿದಳು. ಓದಲು ಬಾರದವಳು. ಸುನಿತಾ ತೋರಿಸಿದ ಆ ಸಣ್ಣ ಗೀಟಿನ ಪಕ್ಕ ಬೆರಳಿಟ್ಟಳು, ಅಳಿಸದ ಹಾಗೆ. "ನಾನು ಮರ್ತಿಲ್ಲ" ಎಂದಳು. ಬೆರಳು ತೆಗೆಯದೆ, "ಅವರಿಲ್ಲ, ಅಷ್ಟೆ" ಎಂದಳು. ಆಮೇಲೆ ಕಟ್ಟೆಯ ಮೇಲೆ ಕೂತು, ಗಂಡ ಸತ್ತಾಗಲೂ ಅಳದಷ್ಟು ಅತ್ತಳು. ಸುನಿತಾ ಪಕ್ಕದಲ್ಲೇ ಕೂತಳು.

ಅತ್ತು ಹಗುರಾದ ಮೇಲೆ ದುರುಗಕ್ಕ ಕೇಳಿದಳು: "ಅಕಸ್ಮಾತ್ ಹಗ್ಗ ಹಿಡಿದು ಸುತ್ತಿಬಿಟ್ರೆ?"

"ಕೊನಿಗೆ ಎಡಕ್ಕೊಂದು ಸುತ್ತು ಬಂದ್ರೆ ಸರಿ ಹೋಗ್ತೈತೆ."

"ಥೂ, ಬಿಡ್ತು ಅನ್ನು! ಎಡಕ್ಕೆ ಸುತ್ತೋದು ಸುಡುಗಾಡಲ್ಲಿ. ಮದುವಿ ಮನ್ಯಾಗೆ ಎಡಕ್ಕೆ ಸುತ್ತಾಕೆ ಬರ್ತೈತಾ?"

ಸುನಿತಾ ಮೇಲೆ ಹತ್ತಿ ಹಗ್ಗ ಇಳಿಬಿಡುವುದು ಎಂದು ತೀರ್ಮಾನವಾಯಿತು.

ಮದುವೆಯ ದಿನ ಹೊನ್ನಾಳಿ, ನ್ಯಾಮತಿ ದಾಟಿ ಗೋವಿನಕೋವಿ ಮುಟ್ಟುವ ಹೊತ್ತಿಗೆ ಧಾರೆ ಮುಗಿದಿತ್ತು. ಅಂದುಕೊಂಡದ್ದೆಲ್ಲ ಅಂದುಕೊಂಡಂತೆ ನಡೆದರೆ ಅದು ಮದುವೆ ಮನೆಯೇ ಅಲ್ಲ. ಚಪ್ಪರದ ನಡುವಿನ ತೊಲೆಗೆ ಬಳೆ ಹಾಕಿಸಿದ್ದರು, ಏಣಿ ಮಾತ್ರ ಇರಲಿಲ್ಲ. ಏಣಿ ತರಲು ಸುನಿತಾ ಆಚೆ ಬೀದಿಗೆ ಓಡಿದಳು. ಇತ್ತ ಡೋಲಿನವರು ಶುರುಮಾಡಿಯೇಬಿಟ್ಟರು. ಯಾರೋ ಉದ್ದದವನೊಬ್ಬ ಕುರ್ಚಿ ಮೇಲೆ ನಿಂತು ಕೊಂಡಿ ಸಿಕ್ಕಿಸಿ ಹಗ್ಗ ಇಳಿಬಿಟ್ಟ. ಕೆಂಪಕ್ಕ ವರ್ಷದ ಅಭ್ಯಾಸದಂತೆ ಒಂದೊಂದು ತುದಿ ದುರುಗಕ್ಕನ ಕೈಗೂ, ಆಟದ ಮೂರನೆಯವಳಾದ ತನ್ನ ಸೊಸೆ ಅರುಣಾಳ ಕೈಗೂ ಕೊಟ್ಟಳು. ಎಲ್ಲರೂ "ಕೋಲಾಟ ಬಂತು" ಎಂದು ಚಪ್ಪಾಳೆ ತಟ್ಟುವಾಗ ಕಾಲು ತಾನಾಗಿ ಕಲಶವನ್ನು ಸುತ್ತಿತು.

ಸುನಿತಾ ಹೆಗಲ ಮೇಲೆ ಏಣಿ ಹೊತ್ತು ಬಂದಾಗ ಜಡೆ ಅರ್ಧ ಹೆಣೆದಿತ್ತು. ಅಜ್ಜಿಯ ಮುಖ ನೋಡಿದ ಕೂಡಲೇ ಏನಾಗಿದೆ ಎಂದು ತಿಳಿಯಿತು. ದುರುಗಕ್ಕ ಪದ ಹೇಳುತ್ತಲೇ ಇದ್ದಳು, ಹೆಜ್ಜೆಯೂ ತಪ್ಪಿರಲಿಲ್ಲ, ಆದರೆ ಕಣ್ಣಲ್ಲಿ ಜೀವವಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೆದುರು ಹಗ್ಗ ಸುತ್ತಿಕೊಂಡು ನಿಲ್ಲುತ್ತದೆ. ಆಮೇಲೆ ಯಾವ ಲೆಕ್ಕ ಹೇಳಿದರೂ ಯಾರು ಕೇಳುತ್ತಾರೆ?

ಸುನಿತಾ ಏಣಿ ಹೊತ್ತೇ ತೊಲೆಯ ಕಡೆ ನೋಡಿದಳು. ಎಡಕ್ಕೆ ಸುತ್ತುವಂತಿಲ್ಲ. ಹಗ್ಗಕ್ಕೆ ಕೈ ಹಾಕುವಂತಿಲ್ಲ. ಆಟ ನಿಲ್ಲಿಸುವಂತೆಯೂ ಇಲ್ಲ. ಆಗ ಆ ಚೌಕ ಕಣ್ಣ ಮುಂದೆ ಬಂದು ನಿಂತಿತು. ಮುಂದಿನಿಂದ ಗುಣಿಸಿದರೇನು, ಹಿಂದಿನಿಂದ ಗುಣಿಸಿದರೇನು! ಕೊನೆಯಲ್ಲಿ ಕೆಳಗಿನವರು ಎಡಕ್ಕೆ ಸುತ್ತುವುದೂ, ಈಗಲೇ ಮೇಲಿನ ಕೊಂಡಿ ಬಲಕ್ಕೆ ಸುತ್ತುವುದೂ ಒಂದೇ. ಕೆಳಗಿನವರು ಸುತ್ತಿದ ಕಡೆಗೇ ಮೇಲಿನದೂ ಒಂದು ಸುತ್ತು ಬಂದರೆ ನಡುವೆ ಸುತ್ತೇ ಇಲ್ಲ. ಜಡೆ ಎಷ್ಟು ಹೆಣೆದಿದ್ದರೂ ಆ ಮೈನಸ್ಸಿಗೆ ಲೆಕ್ಕವಿಲ್ಲ.

ಏಣಿಯನ್ನು ತೊಲೆಗೆ ಆನಿಸಿ ಹತ್ತಿದಳು. ಕೊಂಡಿಯನ್ನು ಬಳೆಯಿಂದ ಮೆಲ್ಲಗೆ ಎತ್ತಿದಳು. ಮೂವರು ಹೆಂಗಸರ ಎಳೆತ ಕೈಗೆ ತಾಗಿತು, ಕೆಂಪು, ಹಳದಿ, ಬಿಳಿ ಎಂದು ಬೇರೆ ಬೇರೆಯಾಗಿ. ಕಲಶಕ್ಕೆ ಸುತ್ತಿದ ಹಾಗೆಯೇ ಬಲಕ್ಕೆ, ಕೈ ಬದಲಿಸುತ್ತ, ಪೂರಾ ಒಂದು ಸುತ್ತು ತಿರುಗಿಸಿ ಮತ್ತೆ ಬಳೆಗೆ ಸಿಕ್ಕಿಸಿದಳು. ಕೆಳಗೆ ಜಡೆಯ ಒಂದು ಎಳೆಯೂ ಕದಲಲಿಲ್ಲ. ಕೆಳಗಿನವರು ಕಲಶಕ್ಕೆ ಎರಡು ಸುತ್ತು ಬಂದಿದ್ದರೆ ಮೈನಸ್ಸಿಗೆ ಮೈನಸ್ಸು ಸೇರಿ ಪ್ಲಸ್ಸಾಗಿ ಈ ಚೌಕಕ್ಕೆ ಕಾಣುತ್ತಲೇ ಇರಲಿಲ್ಲ ಎಂಬುದು ಅವಳಿಗೆ ಆಗ, ಏಣಿಯ ಮೇಲೆ ಹೊಳೆಯಿತು. ಮೇಡಂ ನಕ್ಕದ್ದು ಇದಕ್ಕೇ ಇರಬೇಕು.

ಏಣಿಯ ಸದ್ದಿಗೆ ದುರುಗಕ್ಕ ಕತ್ತೆತ್ತಿದಳು. ತೊಲೆಯ ಪಕ್ಕದಲ್ಲಿ ಹಗ್ಗದ ಮೇಲೊಂದು ಕೈ. ಪದದ ಒಂದು ಸಾಲು ತಪ್ಪಿಹೋಯಿತು. ಕೆಂಪಕ್ಕ "ಅಕ್ಕಾ, ಹೇಳು" ಎಂದು ಪಿಸುಗುಟ್ಟಿದಳು. ಮುಂದಿನ ಸಾಲನ್ನು ದುರುಗಕ್ಕ ಎಷ್ಟು ಗಟ್ಟಿಯಾಗಿ ಎತ್ತಿದಳೆಂದರೆ ಡೋಲಿನವನು ಬೆಚ್ಚಿ ತಾಳ ಹಿಡಿದ.

ಬಿಚ್ಚುವ ಪದ ಬಂತು. ಹದಿಮೂರು, ಎಂಟು, ಐದು ಎಂದು ಸುನಿತಾ ಮೇಲಿನಿಂದ ಮನಸ್ಸಿನಲ್ಲೇ ಇಳಿಸುತ್ತಿದ್ದಳು. ಕೆಳಗೆ ಕಾಲುಗಳು ಅದನ್ನೇ ಹೇಳುತ್ತಿದ್ದವು. ಮೂರು, ಎರಡು, ಒಂದು. ಕೊನೆಯ ಕೋಲು ಬಿತ್ತು. ಮೂರು ಹಗ್ಗಗಳು ಒಂದನ್ನೊಂದು ಮುಟ್ಟದೆ, ತೊಲೆಯಿಂದ ಮೂವರ ಕೈಗೆ ನೆಟ್ಟಗೆ ಇಳಿದಿದ್ದವು.  ಮದುಮಗಳು ಮೊದಲು ಚಪ್ಪಾಳೆ ತಟ್ಟಿದಳು.

ಎಲ್ಲರೂ ಊಟದ ಪಂಕ್ತಿಗೆ ಹೊರಟ ಮೇಲೂ ಸುನಿತಾ ಏಣಿಯ ಮೇಲೇ ನಿಂತು ಹಗ್ಗ ನೋಡುತ್ತಿದ್ದಳು. ದುರುಗಕ್ಕ ಬಂದು ಏಣಿಯ ಬುಡ ಗಟ್ಟಿಯಾಗಿ ಹಿಡಿದುಕೊಂಡಳು.

"ಇಳೀ ಇನ್ನ. ನಿಮ್ಮಜ್ಜನೂ ಹಿಂಗೇ, ಆಟ ಮುಗಿದ್ರೂ ಇಳೀತಿರ್ಲಿಲ್ಲ" ಎಂದಳು. "ಊಟಕ್ಕೆ ನಾನೇ ಬಂದು ಕರೀಬೇಕಿತ್ತು."